ಅಟ್ಟದ ಮೇಲಿನ ಹದಿನಾರು ಪ್ಲೇಟು

ಹಾಡಿನ ಪ್ಲೇಟು ಕೊಳ್ಳುವ ಹುಚ್ಚು ನನಗೆ ಹತ್ತಿದ್ದು ಸಾಗರದ ಶಾಲೆಗೆ ಮೇಷ್ಟ್ರಾಗಿ ಸೇರಿದ ವರ್ಷ. ದೊಡ್ಡ ಕಂಪನಿಗಳ ಪ್ಲೇಟು ನನಗೆ ಬೇಕಿರಲಿಲ್ಲ. ಅವು ಹೋಟೆಲಿನಲ್ಲೂ ಮದುವೆ ಮನೆಯ ಮೈಕಿನಲ್ಲೂ ದಿನವಿಡೀ ಅರಚಿಕೊಳ್ಳುತ್ತಿದ್ದವು. ನನಗೆ ಬೇಕಾಗಿದ್ದು ಸಣ್ಣ ಕಂಪನಿಗಳವು. ಒಬ್ಬ ಮನುಷ್ಯ, ಒಂದು ಬಾಡಿಗೆ ಕೋಣೆ, ಒಂದು ಮೈಕು ಇಟ್ಟುಕೊಂಡು ಹಾಡು ಹಿಡಿದು, ಬೇರೆಲ್ಲೋ ಅಚ್ಚು ಹಾಕಿಸಿ, ನಾಲ್ಕಾರು ಊರಿಗೆ ಕಳಿಸಿ, ಎರಡು ವರ್ಷದೊಳಗೆ ಬಾಗಿಲು ಹಾಕಿಕೊಳ್ಳುವಂಥವು. ಅವರ ಪ್ಲೇಟಿನ ನಡುವಿನ ತೂತು ಒಂಚೂರು ಅತ್ತಿತ್ತ ಇರುತ್ತಿತ್ತು, ಹೆಸರಿನ ಕಾಗದ ಸೊಟ್ಟಗೆ ಅಂಟಿರುತ್ತಿತ್ತು. ಆದರೆ ದೊಡ್ಡವರು ಕಿವಿಗೊಡದ ಕಂಠಗಳು ಅಲ್ಲಿ ಸಿಗುತ್ತಿದ್ದವು. ಬಂದಾಗಲೇ ಹಿಡಿಯಬೇಕು, ತಡ ಮಾಡಿದರೆ ಮತ್ತೆ ಕೈಗೆ ಸಿಗುತ್ತಿರಲಿಲ್ಲ.

ನಮ್ಮ ಸುತ್ತಿನಲ್ಲಿ ಅಂಥ ಪ್ಲೇಟು ತರಿಸುತ್ತಿದ್ದವರು ಮೂವರೇ. ಸಾಗರದ ರೇಡಿಯೋ ಅಂಗಡಿಯವರು, ಹೊಸನಗರದಲ್ಲೊಬ್ಬ ಸೈಕಲ್ ಶಾಪಿನವ, ತೀರ್ಥಹಳ್ಳಿಯಲ್ಲಿ ವಾಚ್ ರಿಪೇರಿ ಮಾಡುವ ಸಾಹೇಬರು. ಭಾನುವಾರ ಬಂದರೆ ನಾನು ಬಸ್ಸಿನಲ್ಲಿರುತ್ತಿದ್ದೆ. ಮನೆಯಲ್ಲಿ ಅಮ್ಮ ಮತ್ತು ತಂಗಿ ಇಬ್ಬರೇ. ಅಪ್ಪ ಇಲ್ಲದ ಮನೆಯಲ್ಲಿ ತಂಗಿಯ ಮದುವೆಗೆ ಓಡಾಡಬೇಕಾದವನು ಹೀಗೆ ಪ್ಲೇಟಿಗೆ ಓಡಾಡುತ್ತಿದ್ದಾನೆ ಎಂದು ಅಮ್ಮ ಗೊಣಗುತ್ತಿದ್ದಳು. ಗೊಣಗಿದ್ದು ಸರಿಯಾಗಿಯೇ ಇತ್ತು.

ಒಮ್ಮೆ ಹುಬ್ಬಳ್ಳಿಯ ಅಂಥದೊಂದು ಕಂಪನಿಯ ಪ್ಲೇಟಿನಲ್ಲಿ ತೂತು ಸರಿಯಿಲ್ಲದೆ ಹಾಡು ಅಲೆಯುತ್ತದೆ ಎಂದು ಸಿಟ್ಟಿನಲ್ಲಿ ಪತ್ರ ಬರೆದೆ. ಅದರ ಯಜಮಾನ ಬೇಸರ ಮಾಡಿಕೊಳ್ಳದೆ, ತಪ್ಪು ಒಪ್ಪಿಕೊಂಡು ಉತ್ತರ ಬರೆದ. ಹಾಗೆ ಶುರುವಾದ ಪತ್ರವ್ಯವಹಾರದಲ್ಲಿ ಒಂದು ದಿನ, ನಿಮ್ಮ ಕಡೆ ಸೋಬಾನೆ ಚೆನ್ನಾಗಿ ಹೇಳುವ ಹೆಂಗಸರು ಇದ್ದಾರೆಯೇ ಎಂದು ಕೇಳಿದ. ನಾನು ಹಿಂದುಮುಂದು ನೋಡಲಿಲ್ಲ. ನನ್ನ ತಂಗಿಯೇ ಇದ್ದಾಳೆ, ಅಜ್ಜಿಯಿಂದ ಕಲಿತಿದ್ದಾಳೆ ಎಂದು ಬರೆದುಬಿಟ್ಟೆ.

ಅವನು ಶಿವಮೊಗ್ಗಕ್ಕೆ ಬಂದು ಲಾಡ್ಜಿನಲ್ಲಿ ಕೋಣೆ ಹಿಡಿದ. ತಂಗಿಯನ್ನು ನಾನೇ ಕರೆದುಕೊಂಡು ಹೋದೆ. ಬಾಗಿಲಿಗೆ ಎರಡು ಕಂಬಳಿ ಇಳಿಬಿಟ್ಟು, ಉಸಿರಾಟದ ಸದ್ದು ಕೂಡ ಆಗಬಾರದೆಂದು ನನ್ನನ್ನು ಕೆಳಗೆ ಹೋಟೆಲಿಗೆ ಕಳಿಸಿದ. ಎರಡು ಗಂಟೆಯ ಮೇಲೆ ತಂಗಿ ಇಳಿದು ಬಂದಾಗ ಅವಳ ಮುಖವೆಲ್ಲ ಬೆವರು. ಬಸ್ಸು ಆನಂದಪುರ ದಾಟಿದ ಮೇಲೆ, "ಅಣ್ಣಯ್ಯ, ಅದು ಯಾವತ್ತ್ ಬತ್ತದೆ?" ಎಂದು ಕೇಳಿದಳು.

ಅದು ಬರುವ ಮೊದಲೇ ಗಂಡಿನ ಕಡೆಯವರು ಬಂದರು. ತೀರ್ಥಹಳ್ಳಿಯ ಹುಡುಗ, ಅಕ್ಕಿ ಮಿಲ್ಲಿನಲ್ಲಿ ಗುಮಾಸ್ತ, ಮೆತ್ತಗಿನ ಮನುಷ್ಯ. ಮಾತೆಲ್ಲ ಅವನ ಸೋದರಮಾವನದು. ಆತ ಹೊಸನಗರದಲ್ಲಿ ನಾಲ್ಕು ಜನ ಕೇಳುವ ಕುಳ. ತಂಗಿ ದೇವರ ಮೇಲೆ ಒಂದು ಹಾಡು ಹೇಳಿದ್ದಾಯಿತು. ಸೋದರಮಾವ ಎಲೆ ಅಡಿಕೆ ಹಾಕಿಕೊಳ್ಳುತ್ತಾ, "ಚೆನ್ನಾಗ್ ಹೇಳ್ತದೆ ಹುಡ್ಗಿ. ಮನೇಲಿ ಹಸೆ ಮುಂದೆ ಹೇಳ್ಕಳ್ಳಿ, ಬ್ಯಾಡ ಅನ್ನಲ್ಲ. ನಾಟಕದೋರ ಹಂಗೆ ಹೊರಗೆಲ್ಲ ಹೇಳೋದು ನಮ್ಮಲ್ಲಿ ನಡಿಯಲ್ಲ" ಎಂದ. ತಂಗಿ ಬಾಯಿ ತೆರೆದಳು. ನಾನು ಕಣ್ಣಿನಲ್ಲೇ ಸುಮ್ಮನಿರು ಎಂದೆ. ಅವಳು ಸುಮ್ಮನಾದಳು. ಆ ಘಳಿಗೆಯನ್ನು ನಾನು ಎಷ್ಟೋ ಸಲ ನೆನೆದು ನನಗೆ ನಾನೇ ಛೀಮಾರಿ ಹಾಕಿಕೊಂಡಿದ್ದೇನೆ.

ಮದುವೆಯಾಗಿ ಎರಡು ತಿಂಗಳಿಗೆ ಪ್ಲೇಟು ಬಂತು. ರೇಡಿಯೋ ಅಂಗಡಿಯವರು ನನ್ನನ್ನು ಕಂಡವರೇ, "ಮೇಷ್ಟ್ರೇ, ಹೊಸ ಮಾಲು, ಪ್ಲಾಸ್ಟಿಕ್ಕಿಂದು. ಕೆಳಗ್ ಬಿದ್ರೂ ಒಡಿಯಲ್ಲ. ಹಾಡಿದೋರು ನಮ್ಮೂರೋರೇ ಕಣ್ರಿ" ಎಂದು ಅಂಗೈಯಗಲದ ಕಪ್ಪು ಪ್ಲೇಟನ್ನು ಮುಂದಿಟ್ಟರು. ನೀಲಿ ಕಾಗದದ ಮೇಲೆ ತಂಗಿಯ ಹೆಸರು, ಪಕ್ಕದಲ್ಲಿ ಸಾಗರ ಎಂದು ಊರು. ಕುಣಿದಾಡಬೇಕಾದ ನನಗೆ ಆ ಸೋದರಮಾವನ ಮಾತು ನೆನಪಾಯಿತು. ಐದಿದ್ದವು. ಐದನ್ನೂ ಕಟ್ಟಿಕೊಡಿ ಎಂದೆ. ಮಾರನೆಯ ದಿನ ಶಾಲೆಗೆ ರಜೆ ಹಾಕಿ ಹೊಸನಗರಕ್ಕೆ ಹೋಗಿ ಸೈಕಲ್ ಶಾಪಿನಲ್ಲಿದ್ದ ಮೂರು, ಅಲ್ಲಿಂದ ತೀರ್ಥಹಳ್ಳಿಗೆ ಹೋಗಿ ಸಾಹೇಬರಲ್ಲಿದ್ದ ನಾಲ್ಕು, ಎಲ್ಲ ತಂದೆ. ಬಸ್ಸಿನಲ್ಲಿ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಯಾರಾದರೂ ಏನದು ಎಂದು ಕೇಳಿದರೆ ಏನು ಹೇಳುವುದೆಂದು ತಿಣುಕುತ್ತಾ ಕೂತಿದ್ದೆ. ಯಾರೂ ಕೇಳಲಿಲ್ಲ.

ನನ್ನ ಜಾಣತನಕ್ಕೆ ತಕ್ಕ ಶಾಸ್ತಿ ಹದಿನೈದು ದಿನಕ್ಕೇ ಆಯಿತು. ಇಷ್ಟು ಬೇಗ ಖಾಲಿಯಾಗುವ ಪ್ಲೇಟೆಂದು ರೇಡಿಯೋ ಅಂಗಡಿಯವರು ಇನ್ನೂ ನಾಲ್ಕು ತರಿಸಿದ್ದರು! ಅವನ್ನೂ ಕೊಂಡೆ. ಹುಬ್ಬಳ್ಳಿಯಿಂದ ಪತ್ರವೂ ಬಂತು. ನಿಮ್ಮ ಸೀಮೆಯಲ್ಲಿ ಹೀಗೆ ಹೋದ ಪ್ಲೇಟು ಇನ್ನೊಂದಿಲ್ಲ, ತಂಗಿಯವರನ್ನು ಮತ್ತೊಮ್ಮೆ ಹಾಡಿಸೋಣ, ಯಾವಾಗ ಬರಲಿ ಎಂದು ಆತ ಬರೆದಿದ್ದ. ಪತ್ರವನ್ನು ಒಲೆಗೆ ಹಾಕಿದೆ. ಉತ್ತರ ಬರೆಯಲಿಲ್ಲ.

ಹದಿನಾರು ಪ್ಲೇಟನ್ನು ಇಡುವುದಾದರೂ ಎಲ್ಲಿ? ನನ್ನ ಸಂಗ್ರಹವಿದ್ದದ್ದು ಜಗಲಿಯ ಗಾಜಿನ ಬೀರುವಿನಲ್ಲಿ. ಬಂದವರೆಲ್ಲ ಬಗ್ಗಿ ನೋಡುವ ಜಾಗ ಅದು. ಗೋಣಿತಾಟಿನಲ್ಲಿ ಸುತ್ತಿ ಅಡಿಗೆ ಮನೆಯ ಅಟ್ಟದ ಮೇಲೆ, ಒಲೆಗೆ ನೇರವಾಗಿ ಮೇಲಕ್ಕೆ ಇಟ್ಟೆ. ಮಳೆಗಾಲದಲ್ಲಿ ಬೂಸಲು ಹಿಡಿಯಬಾರದ್ದೆಲ್ಲ ನಮ್ಮಲ್ಲಿ ಹೋಗುವುದು ಅಲ್ಲಿಗೇ. ಹಪ್ಪಳ, ಬೀಜದ ಕಾಯಿ, ಅಮ್ಮನ ಮದುವೆ ಸೀರೆ ಎಲ್ಲ ಅಲ್ಲೇ ಇದ್ದವು. ಹಳೆಯ ಅರಗಿನ ಪ್ಲೇಟಿಗೂ ಹೊಸ ಪ್ಲಾಸ್ಟಿಕ್ ಪ್ಲೇಟಿಗೂ ಏನು ವ್ಯತ್ಯಾಸ ಎಂದು ಸ್ಟಾಫ್ ರೂಮಿನಲ್ಲಿ ಭಾಷಣ ಬಿಗಿಯುತ್ತಿದ್ದ ನನಗೆ ಆ ಹೊತ್ತಿಗೆ ಅದರ ಯೋಚನೆಯೇ ಬರಲಿಲ್ಲ.

ಗೌರಿ ಹಬ್ಬಕ್ಕೆ ತಂಗಿ ಗಂಡನೊಂದಿಗೆ ಬಂದಳು. ಭಾವ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ತಂಗಿ ನನ್ನನ್ನು ಹಿತ್ತಿಲಿಗೆ ಕರೆದಳು.

"ನನ್ ಪ್ಲೇಟ್ ಬಂದಿತ್ತಂತೆ."

ನಾನು ಬಾವಿಯ ಕಡೆ ನೋಡಿದೆ.

"ಇವ್ರು ಹಬ್ಬಕ್ಕೆ ನಂಗೆ ಕೊಡ್ಬೇಕು ಅಂತ ಸಾಹೇಬ್ರ ಅಂಗ್ಡಿಗೆ ಮೂರ್ ಸಲ ಹೋಗಿ ಬಂದ್ರು. ಹೊಸನಗ್ರಕ್ಕೂ ಹೋಗಿದ್ರು. ಇದ್ದಿದ್ದೆಲ್ಲ ಸಾಗರದ ಮೇಷ್ಟ್ರೊಬ್ರು ತಗಂಡ್ ಹೋದ್ರು ಅಂದ್ರಂತೆ."

"ಅವ್ರಿಗೆ ಗೊತ್ತಾ?"

"ಮದ್ವೆ ಆಗಿ ಎಂಟ್ ದಿನಕ್ಕೆ ನಾನೇ ಹೇಳ್ದೆ. ಇವ್ರ ಮಾವಂಗೂ ಹೇಳಾಯ್ತು. ಎರಡ್ ದಿನ ಮುಖ ಊದಿಸ್ಕಂಡ್ರು, ಆಮೇಲೆ ಸರಿ ಹೋಯ್ತು. ನೀ ಎಂತಕ್ಕೆ ತಗಂಡೆ ಅಣ್ಣಯ್ಯ ಅಷ್ಟೂ?"

ನಿನ್ನ ಬಾಳು ಹಾಳಾಗಬಾರದೆಂದು, ಎನ್ನಲು ಹೊರಟೆ. ಅದು ಸುಳ್ಳೆಂದು ನನಗೇ ಗೊತ್ತಿತ್ತು. ಕರೆದುಕೊಂಡು ಹೋದವನು ನಾನು ಎಂದು ನಾಲ್ಕು ಜನ ನನ್ನತ್ತ ಬೆರಳು ತೋರಿಸುತ್ತಾರೆಂಬ ಹೆದರಿಕೆ ಅದು, ಬೇರೇನಲ್ಲ. ಅವಳಿಗೂ ತಿಳಿದಿತ್ತೆಂದು ಕಾಣುತ್ತದೆ. ಮತ್ತೆ ಕೇಳಲಿಲ್ಲ.

ಏಣಿ ಹಾಕಿ ಅಟ್ಟ ಹತ್ತಿ ಗೋಣಿತಾಟು ಬಿಚ್ಚಿದೆ. ಮಳೆಗಾಲವಿಡೀ ಉರಿದ ಒಲೆಯ ಕಾವಿಗೆ ಹದಿನಾರೂ ಕರಿದ ಹಪ್ಪಳದ ಹಾಗೆ ಸೊಟ್ಟಗಾಗಿ ಒಂದಕ್ಕೊಂದು ಕಚ್ಚಿಕೊಂಡಿದ್ದವು. ಬಿಡಿಸಹೋದರೆ ಹಾಡಿನ ಗೆರೆಯೇ ಕಿತ್ತು ಬರುತ್ತಿತ್ತು. ಇದ್ದುದರಲ್ಲಿ ನೆಟ್ಟಗಿದ್ದ ಒಂದನ್ನು ಬಿಸಿಲಿಗೆ ಹಿಡಿದು, ಎರಡು ಮಣೆಗಳ ನಡುವೆ ಇಟ್ಟು, ಮೇಲೆ ಒರಳುಗಲ್ಲು ಹೇರಿದೆ. ಸಂಜೆಗೆ ಪ್ಲೇಯರಿನ ಮೇಲಿಟ್ಟಾಗ ಭಾವನೂ ಬಂದು ಕೂತರು. ಸೂಜಿ ಒಂದು ಸಲ ಮೇಲೆದ್ದು ಕೆಳಗೆ ಬಿತ್ತು. ಹೆಣ್ಣು ದನಿಯೋ ಮಾಡಿನ ತಗಡಿನ ಸದ್ದೋ ತಿಳಿಯದಂಥದೊಂದು ಕೇಳಿಸಿತು. ಸೂಜಿ ಜಾರಿ ನಡುವಿಗೆ ಹೋಯಿತು. ತಂಗಿಯೇ ಕೈ ಚಾಚಿ ನಿಲ್ಲಿಸಿದಳು.

ಮರುವಾರ ಹುಬ್ಬಳ್ಳಿಗೆ ಹೋದೆ. ಕಂಪನಿಯಿದ್ದ ಕೋಣೆಯಲ್ಲಿ ದರ್ಜಿಯೊಬ್ಬ ಕೂತಿದ್ದ. ಹಿಂದಿನವರು ಎಲ್ಲಿಗೆ ಹೋದರೋ ಅವನಿಗೆ ಗೊತ್ತಿರಲಿಲ್ಲ. ಅಲ್ಲಿಯ ಅಂಗಡಿಗಳನ್ನೂ ಶಿವಮೊಗ್ಗದ ಅಂಗಡಿಗಳನ್ನೂ ಸುತ್ತಿದೆ, ಎಲ್ಲೂ ಸಿಗಲಿಲ್ಲ. ಆ ವರ್ಷದಿಂದ ಪ್ಲೇಟು ಕೊಳ್ಳುವುದನ್ನೇ ಬಿಟ್ಟೆ.

ದೀಪಾವಳಿಗೆ ಬಂದಾಗ ತಂಗಿ ಮತ್ತೆ ಹಿತ್ತಿಲಿಗೆ ಬಂದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು.

"ಆವತ್ತು ಲಾಡ್ಜಲ್ಲಿ ಅವ್ರು ನಂಗೆ ವಾಪಸ್ ಕೇಳಿಸ್ಲೇ ಇಲ್ಲ. ಮಿಷನ್ ಬಿಸಿಯಾಗ್ಯದೆ ಅಂದ್ರು. ನೀನಾದ್ರೂ ಕೇಳಿದ್ಯಲ ಅಣ್ಣಯ್ಯ. ಹೆಂಗ್ ಬಂದಿತ್ತು?"

"ಚೆನ್ನಾಗಿತ್ತು."

"ಎರಡ್ನೇ ಹಾಡಲ್ಲಿ ಅಜ್ಜಿ ಒಂದ್ ಕಡೆ ಎಳ್ದು ನಿಲ್ಲಿಸ್ತಿತ್ತಲ, ಅದು ಬಂದಿತ್ತಾ?"

ಅಕ್ಕಪಕ್ಕದ ಮನೆಗೆ ಕೇಳಿಸೀತೆಂದು ಹೆದರಿ ನಾನು ಆ ಪ್ಲೇಟನ್ನು ಅದು ನೆಟ್ಟಗಿದ್ದಾಗ ಒಂದು ಸಲವೂ ಹಾಕಿರಲಿಲ್ಲ.

"ಬಂದಿತ್ತು" ಎಂದೆ.

ಅವಳ ಮುಖ ಅರಳಿತು. ಈಗ ಅವಳಿಗೆ ಮೊಮ್ಮಕ್ಕಳಿದ್ದಾರೆ. ನೀನು ಪ್ಲೇಟಲ್ಲಿ ಹಾಡಿದ್ದು ನಿಜವಾ ಎಂದು ಅವರು ಪೀಡಿಸಿದರೆ, ನನ್ನ ಕಡೆ ಕೈ ತೋರಿಸಿ, "ಅಣ್ಣಯ್ಯ ಕೇಳಿದಾನೆ, ಅವನ್ನೇ ಕೇಳಿ" ಎನ್ನುತ್ತಾಳೆ.