ಅವಿವಾಹಿತೆ ಎಂಬುದಕ್ಕೆ ಸಾಕ್ಷಿ

ಕಳೆದ ಭಾನುವಾರ ಅಕ್ಕ ಜರ್ಮನಿಯಿಂದ ಫೋನು ಮಾಡಿ ತನ್ನ ಹತ್ತನೇ ತರಗತಿಯ ಅಂಕಪಟ್ಟಿಯ ಪ್ರತಿ ಬೇಕೆಂದಳು. ಬೀರುವಿನ ಮೇಲಿದ್ದ ನೀಲಿ ಪ್ಲಾಸ್ಟಿಕ್ ಫೈಲನ್ನು ಇಳಿಸಿ ಗುಂಡಿ ಬಿಚ್ಚಿದೆ. ಮೊಹರಿನ ಶಾಯಿ, ಝೆರಾಕ್ಸ್ ಕಾಗದ, ಹುಳ ಬೀಳದಿರಲೆಂದು ಅಮ್ಮ ಹಾಕಿಟ್ಟ ನುಸಿಗುಳಿಗೆ, ಮೂರೂ ಬೆರೆತ ವಾಸನೆ ಬಂತು. ಸರ್ಕಾರಿ ಕಚೇರಿಯೊಳಗೆ ಯಾರೋ ರೇಷ್ಮೆ ಸೀರೆ ಮಡಿಸಿಟ್ಟ ಹಾಗೆ.

ಆ ಫೈಲಿನ ಯಜಮಾನಿ ನಾನು. ಒಂಬತ್ತನೇ ತರಗತಿಯಿಂದ ದಿನಚರಿ ಬರೆಯುತ್ತಿದ್ದೇನೆ. ಬರೀ ಬರೆಯುವುದಲ್ಲ, ಎಣಿಸುತ್ತೇನೆ. ಮೂಡಲಪಾಳ್ಯದ ನಮ್ಮ ಬೀದಿಯನ್ನು ಈ ವರ್ಷ ಎಷ್ಟು ಸಲ ಅಗೆದರು, ಎಷ್ಟು ದಿನ ನಲ್ಲಿಯಲ್ಲಿ ನೀರು ಬರಲಿಲ್ಲ ಎಂದು ಕೇಳಿದರೆ ತಟ್ಟನೆ ಹೇಳಬಲ್ಲೆ. ಯಾರೂ ಕೇಳಿಲ್ಲ, ಆ ಮಾತು ಬೇರೆ. ಆದ್ದರಿಂದಲೇ ಅಕ್ಕನ ಮದುವೆಯ ಕಾಗದಪತ್ರದ ಕೆಲಸ ಬಂದಾಗ ಅಪ್ಪ, "ಇವಳಿಗೇ ಕೊಡಿ, ಎಣಿಸ್ಕೊಂಡಿರ್ಲಿ" ಎಂದುಬಿಟ್ಟರು.

ಅಕ್ಕ ಮೇಘನಾ ಆಗ ರಾಜಾಜಿನಗರದ ಒಂದು ಕಾರ್ಯಾಗಾರದಲ್ಲಿ ಕೃತಕ ಕಾಲು ತಯಾರಿಸುತ್ತಿದ್ದಳು. ಲೂಕಾಸ್ ಅದೇ ಕಸುಬಿನವನು, ಜರ್ಮನಿಯಿಂದ ಮೂರು ತಿಂಗಳು ತರಬೇತಿ ಕೊಡಲು ಬಂದಿದ್ದ. ಬೇರೆಯವರ ಮೊಣಕಾಲಿನ ಅಳತೆ ತೆಗೆಯುತ್ತ ತೆಗೆಯುತ್ತ ಇಬ್ಬರೂ ಒಬ್ಬರಿಗೊಬ್ಬರು ಸರಿಹೊಂದಿದರು. ಹೀಗೆ ಹೇಳಿದರೆ ಅಕ್ಕನಿಗೆ ಸಿಟ್ಟು, ಆದರೂ ಹೇಳುತ್ತೇನೆ. ಲೂಕಾಸನ ತಾಯಿಗೆ ವಾಸಿಯಾಗದ ಕಾಯಿಲೆ. ಪ್ರಯಾಣ ಮಾಡುವಂತಿರಲಿಲ್ಲ, ಮಗನ ಮದುವೆಯನ್ನು ಮಾತ್ರ ಕಣ್ಣಾರೆ ನೋಡಬೇಕೆಂಬ ಆಸೆ. ಹಾಗಾಗಿ ಅವನ ಊರಿನ ನೋಂದಣಿ ಕಚೇರಿಯಲ್ಲೇ ಮದುವೆ ಎಂದಾಯಿತು.

ಆ ಕಚೇರಿಗೆ ಬೇಕಾದ ಕಾಗದಗಳಲ್ಲಿ ಮುಖ್ಯವಾದದ್ದು, ಅಕ್ಕನಿಗೆ ಇನ್ನೂ ಮದುವೆಯಾಗಿಲ್ಲ ಎಂಬ ಪ್ರಮಾಣಪತ್ರ. ನೀವೇ ಯೋಚಿಸಿ. ಮದುವೆಯಾದವರಿಗೆ ನಮ್ಮಲ್ಲಿ ತಾಳಿಯಿದೆ, ಕಾಲುಂಗುರವಿದೆ, ಗೋಡೆಯ ಮೇಲೆ ಫೋಟೋ ಇದೆ. ಆಗದವರಿಗೆ ಏನಿದೆ? ವಿಜಯನಗರದಲ್ಲಿ ಅಫಿಡವಿಟ್ ಟೈಪು ಮಾಡುವವನು ತಲೆಯೆತ್ತದೆ ಕೇಳಿದ್ದ, "ಯಾವತ್ತಿಂದ ಅವಿವಾಹಿತೆ ಮೇಡಂ?"

"ಹುಟ್ಟಿದಾಗಿಂದ," ಎಂದಳು ಅಕ್ಕ.

ಒಟ್ಟು ಹದಿನಾಲ್ಕು ಹಾಳೆ, ಮೂವತ್ತೊಂದು ಸಹಿ, ಹತ್ತೊಂಬತ್ತು ಮೊಹರು. ಮದುವೆಯ ದಿನಕ್ಕೆ ಈ ಪ್ರಮಾಣಪತ್ರ ಆರು ತಿಂಗಳಿಗಿಂತ ಹಳೆಯದಾಗಿರಬಾರದು. ನನ್ನ ದಿನಚರಿಯ ಪ್ರತಿ ಪುಟದ ಮೂಲೆಯಲ್ಲೂ ಉಳಿದ ದಿನಗಳ ಸಂಖ್ಯೆ ಬರೆಯತೊಡಗಿದೆ. ಕಾಗದಗಳು ನಿಜವೇ ಎಂದು ನೋಡಲು ಜರ್ಮನ್ ದೂತಾವಾಸದ ಪರವಾಗಿ ಒಬ್ಬ ವಕೀಲರು ಮುನ್ಸೂಚನೆಯಿಲ್ಲದೆ ಬಂದು ಅಕ್ಕಪಕ್ಕದಲ್ಲಿ ವಿಚಾರಿಸುತ್ತಾರೆ ಎಂದೂ ತಿಳಿಯಿತು. ಅಂದು ಬರೆದದ್ದು ಹೀಗಿದೆ: 'ಪಕ್ಕದ ಮನೆಯವರಿಗೆ ಮೊದಲೇ ಹೇಳಬೇಕೆ? ಬೇಡ. ಸತ್ಯಕ್ಕೆ ತಯಾರಿ ಬೇಕಿಲ್ಲ.' ಕೆಳಗೆ ಸ್ಕೇಲು ಇಟ್ಟು ಗೆರೆ ಎಳೆದಿದ್ದೇನೆ. ಇಪ್ಪತ್ತಮೂರು ವರ್ಷದವರು ಇಂಥ ವಾಕ್ಯಗಳ ಕೆಳಗೇ ಗೆರೆ ಎಳೆಯುವುದು.

ಪಕ್ಕದ ಮನೆಯೆಂದರೆ ಸರೋಜಾ ಆಂಟಿಯ ಮನೆ. ನಮಗೂ ಅವರಿಗೂ ನಡುವೆ ಎದೆಯೆತ್ತರದ ಗೋಡೆ. ಅಮ್ಮ ಮತ್ತು ಅವರು ಇಪ್ಪತ್ತು ವರ್ಷಗಳಿಂದ ಅದರ ಮೇಲಿನಿಂದಲೇ ಕರಿಬೇವು, ಹೆಪ್ಪಿನ ಮೊಸರು, ಬೀದಿಯ ಸುದ್ದಿ ಎಲ್ಲವನ್ನೂ ಸಾಗಿಸಿದವರು. ಹೆಣ್ಣು ನೋಡುವ ಮುಂಚೆ ಗಂಡಿನ ಕಡೆಯವರು ಗುಟ್ಟಾಗಿ ನೆರೆಹೊರೆಯಲ್ಲಿ ವಿಚಾರಿಸುವ ಪದ್ಧತಿ ನಿಮಗೆ ಗೊತ್ತಲ್ಲ. ಲೂಕಾಸ್ ಬರುವ ಮುಂಚೆ ಅಕ್ಕನಿಗಾಗಿ ಹಾಗೆ ಏಳು ಜನ ಬಂದು ಹೋಗಿದ್ದರು. "ಇಲ್ಲಿ ಬಾಡಿಗೆಗೆ ಮನೆ ಇದ್ಯಾ?" ಎಂದು ಶುರುಮಾಡುತ್ತಿದ್ದರು. ಆಂಟಿ ಎರಡೇ ಮಾತಿಗೆ ಗುರುತು ಹಿಡಿದು, ಮಜ್ಜಿಗೆ ಕೊಟ್ಟು, ಅಕ್ಕನನ್ನು ಹೊಗಳಿ ಕಳಿಸುತ್ತಿದ್ದರು. ಒಂದೂ ಕೂಡಿಬರಲಿಲ್ಲ, ಅದು ಅವರ ತಪ್ಪಲ್ಲ.

ವಕೀಲರು ಬಂದ ದಿನ ನಮ್ಮ ಮನೆಗೆ ಬೀಗ. ಮೂರು ವಾರದ ಮೇಲೆ ದೂತಾವಾಸದಿಂದ ಪತ್ರ ಬಂತು. ಅರ್ಜಿದಾರರಿಗೆ ಎರಡು ವರ್ಷಗಳ ಹಿಂದೆಯೇ ವಿವಾಹವಾಗಿರುವುದಾಗಿ ಸ್ಥಳೀಯ ವಿಚಾರಣೆಯಿಂದ ತಿಳಿದುಬಂದಿದೆ, ವಿವರಣೆ ನೀಡಿ ಎಂದಿತ್ತು. ಪುಟದ ಮೂಲೆಯಲ್ಲಿ ಅಂದಿನ ಸಂಖ್ಯೆ ನಲವತ್ತೊಂದು. ಅಷ್ಟರೊಳಗೆ ಸರಿಯಾಗದಿದ್ದರೆ ಎಲ್ಲವೂ ಮೊದಲಿನಿಂದ. ಅಷ್ಟು ದಿನ ಲೂಕಾಸನ ತಾಯಿ ಕಾಯಲಾರರು. ಅಕ್ಕ ಅಳಲಿಲ್ಲ. ಪತ್ರವನ್ನು ಎರಡು ಸಲ ಓದಿ, ಮೊರ ತೆಗೆದುಕೊಂಡು ಅಕ್ಕಿ ಆರಿಸಲು ಕೂತಳು.

ಅಮ್ಮ ನೇರ ಗೋಡೆಯ ಬಳಿ ಹೋದರು. "ಸರೋಜಮ್ಮ, ನಮ್ಮನೆ ವಿಚಾರಿಸ್ಕೊಂಡು ಯಾರಾದ್ರೂ ಬಂದಿದ್ರಾ?"

"ಬಂದಿದ್ದ ಕಣ್ರೀ. ಶರ್ಟ್ ಇನ್ ಮಾಡ್ಕೊಂಡು, ಕೈಲೊಂದು ಬ್ಯಾಗು. ದೊಡ್ಡ ಹುಡುಗಿಗೆ ಮದುವೆ ಆಗಿದ್ಯಾ ಅಂದ. ಗಂಡಿನ ಕಡೆಯೋನು ಅಂತ ನಂಗೆ ಆಗ್ಲೇ ಗೊತ್ತಾಯ್ತು."

"ಏನಂದ್ರಿ?"

"ಆಗಿ ಎರಡು ವರ್ಷ ಆಯ್ತು ಅಂದೆ. ನೀವು ಆ ಬಿಳೀ ಹುಡುಗನ್ನ ಒಪ್ಕೊಂಡಾಗಿದೆ, ಮಧ್ಯ ಇವನ್ಯಾಕೆ ಬರ್ಬೇಕು? ತಿರುಗಿ ನೋಡ್ದೆ ಹೋಗ್ಲಿ ಅಂತ ಒಂದು ಮಗೂನೂ ಇದೆ ಅಂದೆ."

ಅಮ್ಮ ಗೋಡೆ ಹಿಡಿದುಕೊಂಡರು. "ಮಗೂನಾ?"

"ಗಂಡು ಮಗು."

ಪತ್ರದಲ್ಲಿ ಮಗುವಿನ ಪ್ರಸ್ತಾಪ ಇರಲಿಲ್ಲ. ಆ ವಕೀಲರು ಕರುಣಾಳು ಎಂದು ದಿನಚರಿಯಲ್ಲಿ ದಾಖಲಿಸಿದ್ದೇನೆ.

ದೂತಾವಾಸಕ್ಕೆ ಫೋನು ಮಾಡಿ ಕೇಳಿದಾಗ, ಹೇಳಿಕೆ ಕೊಟ್ಟ ನೆರೆಯವರೇ ನೋಟರಿಯ ಮುಂದೆ ಅದನ್ನು ಹಿಂತೆಗೆದುಕೊಂಡು ಬರೆದುಕೊಡಬೇಕು ಎಂದರು. ನಾನು ಹೋಗಿ ಹೇಳಿದಾಗ ಆಂಟಿಯ ಮುಖ ಕೆಂಪಾಯಿತು. "ನಾನು ಸುಳ್ಳಿ ಅಂತ ನಾನೇ ಬರ್ಕೊಡ್ಬೇಕಾ? ಅದೂ ಛಾಪಾ ಕಾಗದದ ಮೇಲೆ? ನಾಳೆ ನಿನ್ನನ್ನ ವಿಚಾರಿಸ್ಕೊಂಡು ಯಾರಾದ್ರೂ ಬಂದ್ರೆ ನನ್ ಮಾತಿಗೆ ಏನೇ ಬೆಲೆ ಇರುತ್ತೆ?"

ಎರಡು ದಿನ ಅವರು ಗೋಡೆಯ ಬಳಿ ಬರಲಿಲ್ಲ. ಮೂವತ್ತೊಂಬತ್ತು, ಮೂವತ್ತೆಂಟು. ಮೂರನೆಯ ದಿನ ಬೆಳಿಗ್ಗೆ ಹೊರಗೆ ಹೋಗುವ ಸೀರೆಯುಟ್ಟು, ತಲೆಗೆ ಹೂ ಮುಡಿದು ನಮ್ಮ ಬಾಗಿಲಲ್ಲಿ ನಿಂತಿದ್ದರು. "ನಡಿಯೇ. ಎಲ್ಲಿ ಸೈನ್ ಹಾಕ್ಬೇಕು ತೋರ್ಸು."

ವಿಜಯನಗರದ ಅದೇ ಟೈಪಿಸ್ಟ್. ನಾನು ಕರಡು ಬರೆದುಕೊಂಡು ಹೋಗಿದ್ದೆ. 'ತಪ್ಪು ತಿಳಿವಳಿಕೆಯಿಂದ ನೀಡಿದ ಹೇಳಿಕೆ' ಎಂಬ ಮಾತಿಗೆ ಎರಡು ಸಂಜೆ ಹಿಡಿದಿತ್ತು. ಆಂಟಿ ಪೂರ್ತಿ ಓದಿಸಿಕೊಂಡು, ಕೊನೆಗೆ ಒಂದು ಸಾಲು ಸೇರಿಸಲು ಹೇಳಿದರು: 'ಮೇಘನಾಳಿಗೆ ಮದುವೆ ಆಗಿಲ್ಲ. ಆಗಿದ್ದರೆ ನನ್ನನ್ನು ಕರೆಯದೆ ಇರುತ್ತಿರಲಿಲ್ಲ.'

"ಇದೆಲ್ಲ ಕಾನೂನಲ್ಲಿ ಬರಲ್ಲ ಆಂಟಿ," ಎಂದೆ.

"ಕಾನೂನು ನೀನು ಬರ್ಕೊಂಡಿದೀಯಲ್ಲ. ಇದು ಸಾಕ್ಷಿ. ನೀನು ಟೈಪ್ ಹೊಡಿಯಪ್ಪ."

ಕಾಗದಗಳು ಒಪ್ಪಿಗೆಯಾದವು. ಅಕ್ಕನಿಗೆ ವೀಸಾ ಬಂತು. ಪ್ರಮಾಣಪತ್ರದ ಅವಧಿ ಮುಗಿಯಲು ಒಂಬತ್ತು ದಿನ ಇದ್ದಾಗ ಮದುವೆಯಾಯಿತು. ಅಪ್ಪ ಅಮ್ಮನ ವೀಸಾಕ್ಕೆ ಸಿಕ್ಕಿದ ದಿನಾಂಕ ಮದುವೆಯ ನಂತರದ್ದು, ಹಾಗಾಗಿ ನಾವು ನಡುಮನೆಯಲ್ಲಿ ಕೂತು ಮಧ್ಯಾಹ್ನ ಮೂರೂವರೆಗೆ ಫೋನಿನಲ್ಲಿ ನೋಡಿದೆವು. ಹತ್ತೊಂಬತ್ತು ನಿಮಿಷ, ಎರಡು ಸಲ ಸಂಪರ್ಕ ಕಡಿಯಿತು. ಗಾಲಿಕುರ್ಚಿಯಲ್ಲಿ ಮುಂದೆಯೇ ಕೂತಿದ್ದ ಲೂಕಾಸನ ತಾಯಿ ಕ್ಯಾಮೆರಾ ಕಡೆ ತಿರುಗಿ ಕೈಮುಗಿದರು, ಅಕ್ಕ ಕಲಿಸಿದ್ದಿರಬೇಕು. ಎರಡು ತಿಂಗಳ ನಂತರ ಅವರು ತೀರಿಕೊಂಡರು.

ಅಂದಿನ ಪುಟದಲ್ಲಿ ಹೀಗಿದೆ: 'ನೋಡಿದವರು: ಅಪ್ಪ, ಅಮ್ಮ, ನಾನು. ಒಟ್ಟು 3.' ಅದರ ಕೆಳಗೆ, 'ಪಕ್ಕದ ಮನೆಯ ಮಿಕ್ಸಿ ಸದ್ದಿಗೆ ಉಂಗುರದ ಮಾತು ಕೇಳಿಸಲಿಲ್ಲ.'

ಭಾನುವಾರ ಫೈಲಿನಲ್ಲಿ ಆಂಟಿಯ ಹೇಳಿಕೆಯ ಪ್ರತಿ ಸಿಕ್ಕಿತು. ಕೊನೆಯ ಸಾಲು ಓದಿ, ದಿನಚರಿಯ ಆ ಪುಟ ತೆಗೆದೆ. ಆಂಟಿ ಮಿಕ್ಸಿ ಸದ್ದು ಕೇಳುವಷ್ಟು ಹತ್ತಿರದಲ್ಲಿದ್ದರು. ಗೋಡೆಯ ಮೇಲಿನಿಂದ ಒಂದು ಕೂಗು ಹಾಕಿದ್ದರೆ ಸಾಕಿತ್ತು. ಮದುವೆಯ ದಿನ ಸಂಜೆ ಲಾಡು ಕೊಟ್ಟಿದ್ದೆವು. "ಒಳ್ಳೇದಾಯ್ತು" ಎಂದು ತೆಗೆದುಕೊಂಡಿದ್ದರು. ಆಮೇಲೆ ಗೋಡೆಯ ಮಾತು ಕಡಿಮೆಯಾಯಿತು. ಎಲ್ಲವನ್ನೂ ಎಣಿಸುವ ನಾನು ಅದನ್ನು ಎಣಿಸಿರಲಿಲ್ಲ.

ಹೇಳಿಕೆಯನ್ನು ಅಮ್ಮನ ಕೈಗೆ ಕೊಟ್ಟೆ. ಅಕ್ಕ ಮತ್ತು ಲೂಕಾಸ್ ಮುಂದಿನ ತಿಂಗಳು ಮೊದಲ ಬಾರಿಗೆ ಜೊತೆಯಾಗಿ ಬರುತ್ತಿದ್ದಾರೆ. ಮನೆಮಟ್ಟಿಗೆ ಒಂದು ಆರತಿ ಸಾಕು ಎಂದು ತೀರ್ಮಾನವಾಗಿತ್ತು. ಅಮ್ಮ ಕೊನೆಯ ಸಾಲಿನವರೆಗೂ ಓದಿದರು. ಒಳಗೆ ಹೋಗಿ ಸೀರೆ ಬದಲಾಯಿಸಿ, ದೇವರ ಗೂಡಿನಿಂದ ಕುಂಕುಮದ ಭರಣಿ ತಂದರು. ಗೋಡೆಯ ಕಡೆಗೆ ನಡೆದ ನನ್ನನ್ನು ತಡೆದು, "ಕರೆಯೋಕೆ ಹೋಗೋದು ಗೇಟಿಂದ" ಎಂದರು.

ಬಾಗಿಲು ತೆರೆದ ಆಂಟಿ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು. "ಏನ್ರೀ, ಗೋಡೆ ಬಿದ್ದೋಯ್ತಾ?"

ಅಮ್ಮ ಅವರ ಹಣೆಗೆ ಕುಂಕುಮ ಇಟ್ಟರು. "ಮುಂದಿನ ತಿಂಗಳು ಮೇಘನಾ, ಅಳಿಯ ಬರ್ತಿದಾರೆ. ಆರತಿ ನೀವೇ ಎತ್ಬೇಕು. ಮೊದಲು ನಿಮ್ಮನ್ನೇ ಕರೀತಿರೋದು."

ಆಂಟಿ ಸೆರಗಿನ ತುದಿಯಿಂದ ಮೂಗಿನ ಮೇಲೆ ಉದುರಿದ ಕುಂಕುಮ ಒರೆಸಿಕೊಂಡರು. "ಬರೀ ಇಬ್ಬರೇನಾ? ಗಂಡು ಮಗು ಎಲ್ಲಿ ಬಿಟ್ ಬರ್ತಾರಂತೆ?" ಎಂದು, ಮಜ್ಜಿಗೆ ತರಲು ಒಳಗೆ ಹೋದರು.

ಹಳೆಯ ಪುಟ ತಿದ್ದುವುದು ನನ್ನ ಪದ್ಧತಿಯಲ್ಲ. ಆ ಮೂರು ಮೂರಾಗಿಯೇ ಇದೆ. ಆದರೆ ಆಂಟಿಯ ಮನೆಯಲ್ಲಿ ಎಷ್ಟು ಹೊತ್ತು ಕೂತೆವೆಂದು ನಾನು ಬರೆದುಕೊಳ್ಳಲಿಲ್ಲ, ಅಂಕಪಟ್ಟಿ ಕಳಿಸುವುದನ್ನೂ ಮರೆತೆ. ಅಕ್ಕ ಮರುದಿನ ಮತ್ತೆ ಫೋನು ಮಾಡಬೇಕಾಯಿತು.