ಮೊದಲೇ ಬಂದ ನಗು

ಪುಸ್ತಕ ಸಂಪಾದನೆಯೆಂಬುದು ಮುಖಪುಟದಲ್ಲಿ ಹೆಸರಿಲ್ಲದವರ ಕೆಲಸ. ಅದನ್ನು ಮೂರು ದಶಕಗಳಿಗೂ ಮಿಕ್ಕಿ ನಿಷ್ಠೆಯಿಂದ ನಡೆಸಿಕೊಂಡು ಬಂದವರು, ಹಸ್ತಪ್ರತಿಯೊಳಗಿನ ದನಿಯನ್ನು ಬರೆದವರಿಗಿಂತಲೂ ಚೆನ್ನಾಗಿ ಕೇಳಿಸಿಕೊಂಡವರು ನಮ್ಮ ಪ್ರಕಾಶನದ ಪ್ರಧಾನ ಸಂಪಾದಕಿ, ನಾವೆಲ್ಲ ದೊಡ್ಡಕ್ಕ ಎಂದೇ ಕರೆಯುವ ಹಿರಿಯರು. ಅವರ ನಿವೃತ್ತಿಯ ಈ ಸಂದರ್ಭದಲ್ಲಿ ಬರೆಯಲು ಕುಳಿತ ನನಗೆ ಒಂದು ತೊಡಕು. ಅಭಿನಂದನೆಯ ಯಾವ ಮಾತನ್ನು ಎತ್ತಿಕೊಂಡರೂ ಅದನ್ನು ಒಬ್ಬ ಲೇಖಕರು ತಮ್ಮ ಕಾದಂಬರಿಯಲ್ಲಿ ಆಗಲೇ ಒಂದು ಖಾಲಿ ಕೋಟಿಗೆ ಹೇಳಿ ಮುಗಿಸಿದ್ದಾರೆ. ಆ ಕೋಟಿನ ಕಥೆ ಬಿಟ್ಟು ದೊಡ್ಡಕ್ಕನವರ ಬಗ್ಗೆ ಹೇಳಲಾರೆ.

ಪದವಿ ಮುಗಿಸಿ ಕರಡು ತಿದ್ದುವ ಕೆಲಸಕ್ಕೆ ನಾನು ಸೇರಿದಾಗ ಇಲ್ಲಿ ಒಂದು ಪದ್ಧತಿಯಿತ್ತು, ಈಗಲೂ ಇದೆ. ಒಬ್ಬರು ಕರಡನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಹಸ್ತಪ್ರತಿಯ ಮೇಲೆ ಬೆರಳಿಟ್ಟು ಹಿಂಬಾಲಿಸಬೇಕು. ಜನ ತುಂಬಿದ ಹಜಾರದಲ್ಲಿ ನನಗೆ ದನಿಯೇ ಹೊರಡುತ್ತಿರಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ದೊಡ್ಡಕ್ಕನವರೂ ನಾನೂ ಕರಡು ಓದುವ ಮೇಜು ಹಿಂದಿನ ಕೋಣೆಯಲ್ಲಿತ್ತು. ಅಲ್ಲಿ ಗಾಳಿ ಚೆನ್ನಾಗಿದೆ ಎಂದು ಅವರು ಎಲ್ಲರಿಗೂ ಹೇಳಿದ್ದರು. ಆ ಕೋಣೆಯ ಕಿಟಕಿ ತೆರೆಯುವುದೇ ಇಲ್ಲ. ಯಾರಾದರೂ ನೋಡುತ್ತಿದ್ದರೆ ನನಗೆ ತುತ್ತು ಇಳಿಯದೆಂದು ಅರಿತು, ಮಧ್ಯಾಹ್ನ ನನ್ನ ಪಕ್ಕದಲ್ಲೇ ಕುಳಿತು ಗೋಡೆಯ ಕಡೆ ಮುಖ ಮಾಡಿ ಊಟ ಮಾಡುತ್ತಿದ್ದರು.

ನಾನು ಸೇರಿದ ವರ್ಷವೇ ಆ ಕೋಟಿನ ಕಥೆಯಿರುವ ವಿಡಂಬನ ಕಾದಂಬರಿ ಪ್ರಕಟಣೆಗೆ ಬಂದಿತು. ಬರೆದವರು ದೊಡ್ಡಕ್ಕನವರ ಓರಗೆಯವರು, ಹಳೆಯ ಜಗಳಗಂಟರು. ಬಂದಾಗಲೆಲ್ಲ ಬಾಗಿಲಲ್ಲೇ ನಿಂತು, “ಏನು ದೊಡ್ಡಕ್ಕ, ಇವತ್ತು ಎಷ್ಟು ಜನರನ್ನ ಉದ್ಧಾರ ಮಾಡಿದ್ರಿ?” ಎನ್ನುತ್ತಿದ್ದರು.

“ನಿಮ್ಮೊಬ್ಬರನ್ನ ಬಿಟ್ಟು ಎಲ್ಲರನ್ನೂ,” ಎಂದು ಇವರು ತಲೆಯೆತ್ತದೆ ಹೇಳುತ್ತಿದ್ದರು.

ಕಾದಂಬರಿಯ ಕೊನೆಯ ಅಧ್ಯಾಯದಲ್ಲಿ ಮಾತೇ ಆಡದ ಒಬ್ಬ ಗುಮಾಸ್ತೆ ಬರುತ್ತಾಳೆ. ಅವಳು ಕಚೇರಿಗೆ ಬರುವುದನ್ನು ಯಾವಾಗ ನಿಲ್ಲಿಸಿದಳೋ ಯಾರಿಗೂ ತಿಳಿಯದು. ಕುರ್ಚಿಯ ಬೆನ್ನಿಗೆ ಕೋಟಿದೆ, ಆದ್ದರಿಂದ ಅವಳಿದ್ದಾಳೆ. ಕೋಟಿಗೆ ಬಡ್ತಿಯೂ ಸಿಗುತ್ತದೆ. ಕೊನೆಗೆ ನಿವೃತ್ತಿಯ ಸಭೆ: ವೇದಿಕೆಯ ಮೇಲೆ ಕೋಟು, ಸುತ್ತ ಭಾಷಣ, ಬಿಕ್ಕಳಿಕೆ. ಫ್ಯಾನಿನ ಗಾಳಿಗೆ ತೋಳು ಕೊಂಚ ಎದ್ದಾಗ ಸಭೆ ಅದನ್ನು ವಿನಯವೆಂದು ಮೆಚ್ಚಿ ಚಪ್ಪಾಳೆ ತಟ್ಟುತ್ತದೆ. ಮನುಷ್ಯ ಮನುಷ್ಯನನ್ನು ನೋಡುವುದೇ ಇಲ್ಲ, ನಾವು ಹೊಗಳುವುದೆಲ್ಲ ಕೋಟನ್ನೇ ಎಂಬುದು ಆ ಲೇಖಕರ ಸಿದ್ಧಾಂತ. ಅಚ್ಚುಕೂಟದಿಂದ ಕರಡು ಬರುವ ಹೊತ್ತಿಗೆ ಅವರು ತೀರಿಕೊಂಡಿದ್ದರು.

ಆ ಅಧ್ಯಾಯವನ್ನು ನಾನು ಓದುತ್ತಿದ್ದೆ. ಬಾಗಿಲು ಮುಚ್ಚಿತ್ತು. ಭಾಷಣಗಳು ಮುಗಿದು, ತೋಳು ಏಳುವ ವಾಕ್ಯ ಇನ್ನೂ ಮುಂದಿನ ಹಾಳೆಯಲ್ಲಿ, ನನ್ನ ಅಂಗೈ ಕೆಳಗೆ ಬೋರಲಾಗಿ ಬಿದ್ದಿತ್ತು. ಆಗ ಕೋಣೆಯಲ್ಲಿ ಒಂದು ನಗು ಕೇಳಿತು: ಮುಂದೆ ಬರುವುದೇನೆಂದು ಬಲ್ಲವರ, ತಡೆದುಕೊಳ್ಳಲಾಗದ ನಗು.

“ಮೊದಲು ಓದಮ್ಮ, ಆಮೇಲೆ ನಗು,” ಎಂದರು ದೊಡ್ಡಕ್ಕ.

ನಕ್ಕಿದ್ದು ನಾನಲ್ಲ. ಅವರೂ ಅಲ್ಲ. ನನ್ನ ಮುಖ ನೋಡಿ ಅವರಿಗೆ ಅದು ತಿಳಿಯಿತು. ಮುಚ್ಚಿದ ಬಾಗಿಲ ಕಡೆ ನೋಡಿ, ಕೋಣೆಗೇ ಹೇಳುವಂತೆ, “ತಮಾಷೆ ಚೆನ್ನಾಗೇ ಇದೆ, ಒಪ್ಪಿದೆ. ಸಿದ್ಧಾಂತ ಮಾತ್ರ ತಪ್ಪು,” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಹೂಂ, ಓದು.”

ಆ ವಾರ ಪೂರ್ತಿ ನಾನು ನಾನಾಗಿರಲಿಲ್ಲ. ಮೆಟ್ಟಿಲಲ್ಲಿ ನಮಸ್ಕಾರವೆಂದರೆ ಯಾರೂ ತಿರುಗುತ್ತಿರಲಿಲ್ಲ. ಬಾಯಿಬಿಟ್ಟು ಅಂದೆನೋ ಇಲ್ಲವೋ ನನಗೇ ಅನುಮಾನ. ಕಚೇರಿಯಲ್ಲಿ ತೊಡುವ ನನ್ನ ಕೋಟನ್ನು ಸಂಜೆ ಗೂಟಕ್ಕೆ ಹಾಕಿ ಹೊರಟರೆ ಉಳಿದದ್ದು ಯಾರು, ಹೊರಟದ್ದು ಯಾರು ಎಂದು ಹಿಂತಿರುಗಿ ನೋಡುತ್ತಿದ್ದೆ. ಅಷ್ಟರಲ್ಲಿ ಪ್ರಕಾಶನದ ಯಜಮಾನರು, ಸನ್ಮಾನ ಸಭೆಗಳನ್ನೇ ಗೇಲಿ ಮಾಡುವ ಆ ಅಧ್ಯಾಯ ಬೇಡವೆಂದರು. ಲೇಖಕರ ಒಂದು ಮಾತನ್ನೂ ಒಪ್ಪದ ದೊಡ್ಡಕ್ಕನವರು ಖುಷಿಯಿಂದ ಕತ್ತರಿ ಹಾಕುತ್ತಾರೆಂದೇ ಎಲ್ಲರ ಎಣಿಕೆ. ನಾನೂ ಧೈರ್ಯ ಮಾಡಿ, ಅದನ್ನು ತೆಗೆಯದಿದ್ದರೆ ನಾಳೆಯಿಂದ ಬರುವುದಿಲ್ಲ ಎಂದೆ.

“ಯಾಕೆ? ಸುಳ್ಳು ಅನ್ನಿಸ್ತಾ?”

“ಇಲ್ಲ ಅಕ್ಕ. ನಿಜ ಅನ್ನಿಸ್ತು.”

ಅವರು ಕನ್ನಡಕ ತೆಗೆದಿಟ್ಟರು. “ಅಷ್ಟು ಚೆನ್ನಾಗಿ ಬರೆದಿದ್ದಾರೆ, ಅದಕ್ಕೆ ಶಭಾಷ್ ಅನ್ನಬೇಕು. ಆದರೆ ಅವರು ಒಂದು ದಿನಾನೂ ನಿನ್ನ ಪಕ್ಕ ಕೂತು ಊಟ ಮಾಡಿಲ್ಲ. ನೀನು ಬರದೇ ಇದ್ದರೆ ನಿನ್ನ ಕೋಟು ನೋಡಿ ನಾನು ಮೋಸ ಹೋಗ್ತೀನಾ?”

ಅಧ್ಯಾಯ ಕೈಬಿಟ್ಟರೆ ಪುಸ್ತಕದ ಒಳಪುಟದಲ್ಲಿ ಸಂಪಾದಕಿಯೆಂದು ಬರುವ ತಮ್ಮ ಹೆಸರನ್ನೂ ಕೈಬಿಡಬೇಕೆಂದು ಅವರು ಯಜಮಾನರಿಗೆ ಅಂದೇ ತಿಳಿಸಿದರು. ಮರುದಿನ ನಾನು ಬೇಕೆಂದೇ ತಡಮಾಡಿ ಹೋದೆ. ಬೀದಿಯ ತಿರುವಿನಲ್ಲೇ ಕಂಡಿತು: ಒಳಹೋಗುವವರೆಲ್ಲ ದೊಡ್ಡಕ್ಕನವರನ್ನು ಬಳಸಿಕೊಂಡು ಹೋಗುತ್ತಿದ್ದಾರೆ, ಅವರು ಮೆಟ್ಟಿಲ ನಡುವೆ ನಿಂತು ನಾನು ಬರುವ ದಾರಿಯನ್ನೇ ನೋಡುತ್ತಿದ್ದಾರೆ. ನಾನು ಕೆಲಸ ಬಿಡಲಿಲ್ಲ. ಪುಸ್ತಕ ಇಡಿಯಾಗಿ ಅಚ್ಚಾಯಿತು. ಇಂದಿಗೂ ಅದನ್ನು ಓದಿ ನಗುತ್ತೇನೆ, ಹೆದರುತ್ತೇನೆ, ಒಪ್ಪುವುದಿಲ್ಲ.

ಆ ಲೇಖಕರ ಮನೆಯಲ್ಲಿ ಈಚೆಗೆ ಇನ್ನೊಂದು ಹಸ್ತಪ್ರತಿ ಸಿಕ್ಕಿದೆ. ಮೊದಲಿನದಕ್ಕಿಂತ ಕ್ರೂರವಂತೆ, ಇನ್ನೂ ತಮಾಷೆಯಂತೆ. ನಿವೃತ್ತಿಯ ನಂತರ ಅದನ್ನು ಮನೆಯಲ್ಲೇ ಸಂಪಾದಿಸುವುದಾಗಿ ದೊಡ್ಡಕ್ಕನವರು ಹೇಳಿದ್ದಾರೆ, ಗಟ್ಟಿಯಾಗಿ ಓದಲು ನನ್ನನ್ನು ಕರೆದಿದ್ದಾರೆ. ತೀರಿಕೊಂಡವರಿಗೆ ವಾದಕ್ಕೆ ಬೇಕಾದಷ್ಟು ಬಿಡುವಿದೆ. ಎದುರು ವಾದಿಸುವ ನಮ್ಮ ಹಿರಿಯರಿಗೂ ಅಷ್ಟೇ ಉದ್ದದ ಆಯುಸ್ಸು, ಅಷ್ಟೇ ಚುರುಕಿನ ಕಣ್ಣು ಇರಲಿ. ಕೊನೆಯ ಮಾತು ಅವರದೇ ಆಗಲಿ.