ನಮ್ಮ ಮನೆಯಲ್ಲಿ ಯಾರೂ ಹೇಳದ ಹೆಸರು

ಹರಿಹರದ ನಮ್ಮ ಮನೆಯಿಂದ ಹೊಳೆ ಕಾಣುತ್ತಿರಲಿಲ್ಲ. ಆದರೆ ಹೊಳೆಯ ಸೇತುವೆ ಮೇಲೆ ರೈಲು ಹೋಗುವ ಸದ್ದು ನಡುಮನೆಗೇ ಬರುತ್ತಿತ್ತು. ಅದು ಶುರುವಾದ ಕೂಡಲೇ ನನ್ನ ತಮ್ಮ ಆಡುತ್ತಿದ್ದ ಬಟ್ಟಲು ಬಿಟ್ಟು ಹೊಸ್ತಿಲಿಗೆ ಹೋಗಿ ನಿಲ್ಲುತ್ತಿದ್ದ. ಸದ್ದು ಪೂರ್ತಿ ಕರಗುವವರೆಗೆ ಅಲ್ಲೇ. ಐವತ್ತರ ದಶಕದ ಕೊನೆಯ ವರ್ಷಗಳವು. ನನಗೆ ಎಂಟು, ಅವನಿಗೆ ಎರಡೂವರೆ. ಆಗಿನದ್ದೆಲ್ಲ ಈಗ ಮಧ್ಯಾಹ್ನದ ನಿದ್ದೆಗಣ್ಣಿನಲ್ಲಿ ಕಂಡಂತೆ ಉಳಿದಿದೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ಕೇಳಿದರೆ ತಡವರಿಸುತ್ತೇನೆ. ಅವನಿಗೆ ಮಾತು ಬಂದಿರಲಿಲ್ಲ ಎಂಬುದು ಮಾತ್ರ ಸ್ಪಷ್ಟವಾಗಿ ನೆನಪಿದೆ.

ಅವ್ವ ಇಲ್ಲ, ಅಪ್ಪ ಇಲ್ಲ, "ತಾ" ಕೂಡ ಇಲ್ಲ. ಬೇಕಾದ್ದಕ್ಕೆ ಕೈ ತೋರಿಸುತ್ತಿದ್ದ, ನಾವು ಓಡಿ ತರುತ್ತಿದ್ದೆವು. ದಿನಾ ಬೆಳಿಗ್ಗೆ ಅಜ್ಜಿ, ಅಂದರೆ ಅಪ್ಪನ ತಾಯಿ, ಕಲ್ಲಿನ ಮೇಲೆ ಬಜೆ ಬೇರು ತೇಯ್ದು, ಜೇನು ಬೆರೆಸಿ ಅವನ ನಾಲಿಗೆಗೆ ಹಚ್ಚುತ್ತಿದ್ದರು. ಬಜೆ ನೆಕ್ಕಿದ ಮಗುವಿಗೆ ಮಾತು ಬೇಗ ಬರುತ್ತದೆಂದು ಊರೆಲ್ಲ ನಂಬಿತ್ತು. ಅವನು ಮುಖ ಕಿವಿಚಿ, ಜೇನನ್ನಷ್ಟೇ ಚಪ್ಪರಿಸಿ ಸುಮ್ಮನಾಗುತ್ತಿದ್ದ.

ಅವನಿಗೆ ತೀರಿಹೋದ ಅಜ್ಜನ ಹೆಸರಿಟ್ಟಿದ್ದರು. ಅಲ್ಲಿಗೆ ಆ ಹೆಸರಿಗೆ ಬೀಗ ಬಿತ್ತು. ಗಂಡನ ಹೆಸರನ್ನು ಅಜ್ಜಿ ಹೇಳುವಂತಿಲ್ಲ. ಮದುವೆಯ ದಿನ ಹೆಂಗಸರ ಬಲವಂತಕ್ಕೆ ಒಡಪಿನ ಪದ್ಯದಲ್ಲಿ ಸೇರಿಸಿ ಒಂದು ಸಲ ಹೇಳಿದ್ದೇ ಕೊನೆ. ಮಾವನ ಹೆಸರನ್ನು ಅವ್ವ ಹೇಳುವಂತಿಲ್ಲ. ಅಪ್ಪನಿಗೋ, ತಂದೆಯ ಹೆಸರು ಹಿಡಿದು ಮಗನನ್ನು ಗದರುವುದು ಹೇಗೆಂಬ ಸಂಕೋಚ. ನಾನೊಮ್ಮೆ ಆ ಹೆಸರಿನ ಹಿಂದೆ "ಏ" ಹಚ್ಚಿ ಕೂಗಿದೆನೆಂದು ಅಜ್ಜಿ ಬಾಯಿ ಮೇಲೆ ಹೊಡೆದಿದ್ದರು. ಆ ಏಟಿನ ಮರ್ಯಾದೆಗೆ ಈಗಲೂ ಅದನ್ನಿಲ್ಲಿ ಬರೆಯುತ್ತಿಲ್ಲ. ಹೀಗಾಗಿ ಅವನು ನಮಗೆಲ್ಲ "ಯಜಮಾನ್ರು". ಯಜಮಾನ್ರು ಉಂಡರು, ಯಜಮಾನ್ರು ಚಡ್ಡಿ ಒದ್ದೆ ಮಾಡಿಕೊಂಡರು, ಹೀಗೆ ನಡೆದಿತ್ತು.

ಒಂದು ದಿನ ಪಕ್ಕದ ಮನೆಯಾಕೆ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದರು. ಬಾಗಿಲಲ್ಲಿ ನಿಂತು ತಮ್ಮನನ್ನು ಹೆಸರು ಹಿಡಿದು ಮೂರು ಸಲ ಕರೆದರು. ಅವನು ಬಟ್ಟಲಿನಿಂದ ತಲೆ ಎತ್ತಲಿಲ್ಲ.

"ಕೂಸಿಗೆ ಕಿವಿ ಕೇಳಂಗಿಲ್ಲ ಕಾಣ್ತೈತೆ ನೋಡವ್ವ," ಎಂದರು.

ಅವ್ವ ಮಜ್ಜಿಗೆಯ ಲೋಟ ಕೆಳಗಿಟ್ಟು ಅವನನ್ನು ಎತ್ತಿಕೊಂಡಳು. "ರೈಲು ಕೇಳ್ತೈತೆ ಅವನಿಗೆ," ಎಂದೆ ನಾನು.

"ನೆಲ ಅದುರತೈತೆ, ಅದು ಕಾಲಿಗೆ ಗೊತ್ತಾಗತೈತೆ," ಎಂದು ಆಕೆ ನನ್ನ ಬಾಯಿ ಮುಚ್ಚಿಸಿದರು. ದೊಡ್ಡವರ ಮೇಲೆ ನನಗಿರುವ ಸಿಟ್ಟಿನಲ್ಲಿ ಅರ್ಧ ಅಂದೇ ಹುಟ್ಟಿದ್ದು.

ಆ ವಾರವೇ ಅವ್ವ ಅವನನ್ನು ಕರೆದುಕೊಂಡು ದಾವಣಗೆರೆಯ ಡಾಕ್ಟರ ಬಳಿಗೆ ರೈಲಿನಲ್ಲಿ ಹೊರಟಳು. ಜೊತೆಗೆ ನಾನು. ಡಾಕ್ಟರು ಹೆಸರು ಕೇಳಿದರೆ ಹೇಳಲು ಒಂದು ಬಾಯಿ ಬೇಕಿತ್ತಲ್ಲ. ಗಿರಣಿಗಳ ಚಿಮಣಿ ಕಾಣುವವರೆಗೂ ಅವ್ವ ಅವನ ಎರಡೂ ಕಿವಿಗಳನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕೂತಿದ್ದಳು. ಗಾಳಿ ತಾಗಬಾರದೆಂದೋ, ಉಳಿದಿದ್ದು ಸೋರಿಹೋಗಬಾರದೆಂದೋ ತಿಳಿಯದು. ಅವಳನ್ನು ನೋಡಿ ನನಗೆ ಅಳು ಬಂತು.

ಡಾಕ್ಟರು ಹೆಸರು ಕೇಳಿದರು. ಅವ್ವ ನನ್ನನ್ನು ಮುಂದೆ ತಳ್ಳಿದಳು. ನಾನು ಹೇಳಿದೆ. ಅವರು ಅವನ ಬೆನ್ನ ಹಿಂದೆ ನಿಂತು ಆ ಹೆಸರನ್ನು ಮೆಲ್ಲಗೆ ಕರೆದರು, ಜೋರಾಗಿ ಕರೆದರು. ಅವನು ಮೇಜಿನ ಮೇಲಿನ ಗಾಜಿನ ಗುಂಡನ್ನೇ ನೋಡುತ್ತಿದ್ದ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಮನ್ಯಾಗೆ ಹೆಂಗೆ ಕರೀತೀರಿ ತಾಯಿ?"

"ಯಜಮಾನ್ರು ಅಂತೀವ್ರಿ. ಅದು ತೀರಿಹೋದ ನಮ್ಮ ಮಾವನೋರ ಹೆಸರು, ಹೇಳಂಗಿಲ್ರಿ."

ಡಾಕ್ಟರು ಬಾಗಿಲವರೆಗೆ ಹಿಂದೆ ಸರಿದು, ಪಿಸುದನಿಯಲ್ಲಿ "ಯಜಮಾನ್ರೇ" ಎಂದರು. ತಮ್ಮ ಗಕ್ಕನೆ ತಿರುಗಿದ.

ಅವರು ಬಹಳ ಹೊತ್ತು ನಕ್ಕರು. "ಕಿವಿ ಚಲೋ ಐತೆ. ಹೆಸರು ಗ್ವಾಡಿ ಮ್ಯಾಲಿನ ಫೋಟೋಕ್ಕೆ ಇಟ್ಟೀರೋ, ಕೂಸಿಗೋ? ಕೈ ತೋರ್ಸಿದ್ದೆಲ್ಲ ಓಡಿ ಕೊಡಬ್ಯಾಡ್ರಿ. ಹೆಸರಿಡಿದು ಕರೀರಿ, ಮಾತಾಡ್ಸಿರಿ."

ಸಂಜೆ ಅವ್ವ ಇದನ್ನೆಲ್ಲ ಅಜ್ಜಿಗೆ ಹೇಳಿದಳು. ಮರುದಿನ ಬಜೆ ಹಚ್ಚಿದ ಮೇಲೆ ಅವನನ್ನು ಕೆಳಗಿಳಿಸದೆ ತೊಡೆಯ ಮೇಲೇ ಕೂರಿಸಿಕೊಂಡರು. ಅಜ್ಜನ ಫೋಟೋಕ್ಕೆ ಬೆನ್ನಾಗುವಂತೆ ಸರಿದು ಕೂತರು. ತುಟಿ ಅಲುಗಿತು, ದನಿ ಬರಲಿಲ್ಲ. ನಾನು ಪಾಟಿಯ ಮೇಲೆ ಬರೆಯುವ ನೆಪದಲ್ಲಿ ನೋಡುತ್ತಿದ್ದೆ. ಮೂರನೆಯ ಸಲಕ್ಕೆ ಬಂತು. ಆದರೆ ಬರೀ ಹೆಸರು ಅವರ ಬಾಯಲ್ಲಿ ನಿಲ್ಲಲಿಲ್ಲ. ಕೊನೆಗೆ "ಅವ್ರು" ಎಂದು ತಾನೇ ಸೇರಿಕೊಂಡಿತು. ಅಷ್ಟಕ್ಕೇ ಹಣೆ ಬೆವರಿತ್ತು. ಬಾಯಿ ಮೇಲೆ ಹೊಡೆದ ಅಜ್ಜಿಯನ್ನು ನಾನು ಆ ಗಳಿಗೆಯಲ್ಲಿ ಕ್ಷಮಿಸಿದೆ.

ಆಮೇಲೆ ಅದು ದಿನದ ಪಾಠವಾಯಿತು. ಅಜ್ಜಿಯೇ ಹೇಳಿದ ಮೇಲೆ ಅವ್ವನೂ ಅಡುಗೆಮನೆಯಿಂದ ಸಣ್ಣ ದನಿಯಲ್ಲಿ ಕರೆಯತೊಡಗಿದಳು. ಎಷ್ಟು ದಿನ ಹೀಗೆ ಹೋಯಿತೋ ನೆನಪಿಲ್ಲ.

ಒಂದು ಮಧ್ಯಾಹ್ನ ಸೇತುವೆ ಮೇಲೆ ರೈಲು ಬಂತು. ಅವನು ಹೊಸ್ತಿಲಿಗೆ ಓಡಿದ. ಸದ್ದು ಹೊಳೆ ದಾಟಿ ಸಣ್ಣಗಾಯಿತು, ಇಲ್ಲವಾಯಿತು. ಆಗ ಅವನು ಒಳಗೆ ತಿರುಗಿ, ಎದೆಗೆ ಕೈ ಬಡಿದುಕೊಂಡು, ಅಜ್ಜಿ ಎಳೆಯುವ ರಾಗದಲ್ಲೇ ತನ್ನ ಹೆಸರು ಹೇಳಿದ, "ಅವ್ರು" ಸಮೇತ. ಅವನ ಮೊದಲ ಮಾತು ಅದೇ. ಅವ್ವ ಗೋಡೆಗೊರಗಿ ಅಳುತ್ತ ನಕ್ಕಳು.

ಅಜ್ಜಿ ಬಾಗಿಲಿಗೆ ಬೆನ್ನು ಹಾಕಿ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು. ಆ ಹೆಸರು ಕಿವಿಗೆ ಬಿದ್ದದ್ದೇ ಮೊರ ಬದಿಗಿಟ್ಟು, ತಲೆ ಮೇಲೆ ಸೆರಗೆಳೆದುಕೊಂಡು, ಗೋಡೆ ಪಕ್ಕಕ್ಕೆ ಎದ್ದು ನಿಂತುಬಿಟ್ಟರು. ಹೊರಗಿನಿಂದ ಬರುವವರಿಗೆ ದಾರಿ ಬಿಡುವಂತೆ. ಮಗುವಿನ ತಲೆಯ ಮೇಲಿಂದ ಖಾಲಿ ಬಾಗಿಲನ್ನು ತುಸು ಹೊತ್ತು ನೋಡಿದರು. ಆಮೇಲೆ ಎರಡೂ ಕೈ ಚಾಚಿದರು.

"ಬರ್ರಿ," ಎಂದರು, "ಒಳಗ ಬರ್ರಿ."

ತಮ್ಮ ಓಡಿಹೋಗಿ ಅವರ ಕಾಲು ತಬ್ಬಿಕೊಂಡ.